ಕತ್ತಲಲ್ಲಿ ಓಡಿದ ರಸ್ತೆ: ಸ್ಕ್ಯಾಗ್ವೇಯಿಂದ ವೈಟ್‌ಹಾರ್ಸ್‌ಗೆ

ವಾಪಸ್ ಬಂದು ಹತ್ತು ದಿನವಾಯಿತು, ಎಡಗಾಲಿನ ಹೆಬ್ಬೆರಳ ಉಗುರು ಇನ್ನೂ ಕಪ್ಪಗೇ ಇದೆ. ಅದು ಬಿದ್ದುಹೋಗುವ ಮೊದಲೇ ಬರೆದುಬಿಡೋಣ ಅಂತ ಕೂತಿದ್ದೇನೆ.

ಕ್ಲಾಂಡೈಕ್ ರೋಡ್ ರಿಲೇ. ಅಲಾಸ್ಕಾದ ಸ್ಕ್ಯಾಗ್ವೇ ಅನ್ನೋ ಪುಟ್ಟ ಬಂದರಿನಿಂದ ಹೊರಟು, ಬೆಟ್ಟ ಹತ್ತಿ, ಗಡಿ ದಾಟಿ, ಕೆನಡಾದ ಬ್ರಿಟಿಷ್ ಕೊಲಂಬಿಯಾದ ಒಂದು ಮೂಲೆ ಸವರಿಕೊಂಡು ಯುಕಾನ್‌ನ ವೈಟ್‌ಹಾರ್ಸ್‌ನಲ್ಲಿ ಮುಗಿಯುವ ಓಟ. ಸುಮಾರು 176 ಕಿ.ಮೀ. ಹತ್ತು ಪಾಳಿ. ಶುಕ್ರವಾರ ಸಂಜೆ ಶುರುವಾದರೆ ರಾತ್ರಿಯೆಲ್ಲ ಓಡಿ ಶನಿವಾರ ಮುಗಿಸಬೇಕು. 1983ರಲ್ಲಿ ಶುರುವಾದದ್ದು, ಸೆಪ್ಟೆಂಬರ್ ಮೊದಲ ದಿನಗಳಲ್ಲಿ ನಡೆಯುತ್ತದೆ. 1897-98ರಲ್ಲಿ ಕ್ಲಾಂಡೈಕ್‌ನ ಚಿನ್ನ ಹುಡುಕಿಕೊಂಡು ಸಾವಿರಾರು ಜನ ಹೋದ ದಾರಿಯ ಪಕ್ಕದಲ್ಲೇ ಈ ರಸ್ತೆ ಇದೆ.

ಪಾಳಿಗೆ ಅಲ್ಲಿ ಲೆಗ್ ಅಂತಾರೆ. ಹಾಗಾಗಿ ಎರಡು ತಿಂಗಳು ನಮ್ಮ ವಾಟ್ಸಾಪ್ ಗುಂಪಿನಲ್ಲಿ "ನಿನ್ನ ಲೆಗ್ ಯಾವುದು?" "ಎರಡೂ ನಂದೇ, ಎರಡೂ ನೋಯ್ತಿವೆ" ಅನ್ನೋ ಜೋಕು ಓಡುತ್ತಲೇ ಇತ್ತು. ಕೊನೆಗೆ ಅಕ್ಕ ಬೈದು ನಿಲ್ಲಿಸಿದರು.

ಅಕ್ಕ ಅಂದರೆ ನಮ್ಮ ಕ್ಯಾಪ್ಟನ್. ಹತ್ತು ಜನರಲ್ಲಿ ಕನ್ನಡದವರು ನಾವು ಮೂವರೇ: ಅಕ್ಕ, ನಾನು, ನನ್ನ ಹಳೇ ರೂಮ್‌ಮೇಟ್. ನಾವಿಬ್ಬರೂ ಅಕ್ಕ ಅಂತ ಕರೆಯೋದನ್ನು ಕೇಳಿ ಉಳಿದ ಏಳು ಜನ ಅದೇ ಅವರ ಹೆಸರು ಅಂದುಕೊಂಡಿದ್ದಾರೆ. ಒಬ್ಬನಂತೂ ತಂಡದ ಪಟ್ಟಿ ಟೈಪ್ ಮಾಡುವಾಗ ಹೆಸರಿನ ಜಾಗದಲ್ಲಿ "ಅಕ್ಕ" ಅಂತಲೇ ಹಾಕಿದ್ದ.

ನನಗೆ ಬೇಕಾಗಿದ್ದದ್ದು ಬೆಟ್ಟ ಹತ್ತುವ ಪಾಳಿ. ನಾಲ್ಕು ತಿಂಗಳು ಅದಕ್ಕೇ ಅಂತ ದಿಣ್ಣೆ ಹತ್ತಿ ಇಳಿದು ಮಾಡಿದ್ದೆ. ಅಕ್ಕ ಕೊಟ್ಟದ್ದು ಮಧ್ಯದ್ದು, ಬೆಳಗಿನ ಜಾವದ್ದು, ಕೆರೆ ಪಕ್ಕದ್ದು. "ನಿಂಗೆ ನಿದ್ದೆಗೆಟ್ಟು ಅಭ್ಯಾಸ ಇದೆಯಲ್ಲ" ಅಂದರು. ಅದು ಆಫೀಸಿನ ನೈಟ್ ಶಿಫ್ಟ್ ಅಕ್ಕ, ಓಟ ಅಲ್ಲ ಅಂದೆ. ಕೇಳಲಿಲ್ಲ. ನಾನು ಎರಡು ವಾರ ಮುಖ ಊದಿಸಿಕೊಂಡು ಓಡಾಡಿದ್ದೂ ನಿಜ.

ಗುರುವಾರ

ವ್ಯಾಂಕೂವರ್‌ನಿಂದ ವಿಮಾನ. ಅದರ ಬಗ್ಗೆ ಹೇಳೋಕೆ ಏನೂ ಇಲ್ಲ, ನಿದ್ದೆ ಮಾಡಿದೆ. ವೈಟ್‌ಹಾರ್ಸ್ ವಿಮಾನ ನಿಲ್ದಾಣದ ಹೊರಗೆ ಮಾತ್ರ ಒಂದು ಮಜಾ ಇದೆ. ಹಳೇ ಡಿಸಿ-3 ವಿಮಾನವೊಂದನ್ನು ಕಂಬದ ಮೇಲೆ ಕೂರಿಸಿದ್ದಾರೆ, ಗಾಳಿ ಯಾವ ಕಡೆಯಿಂದ ಬಂದರೆ ಆ ಕಡೆಗೆ ಮೂತಿ ತಿರುಗಿಸುತ್ತದೆ. ಅಷ್ಟು ದೊಡ್ಡ ವಿಮಾನ, ಗಾಳಿಪಟದ ಥರ. ನಾವು ನೋಡಿದಾಗ ಅದರ ಮೂತಿ ದಕ್ಷಿಣಕ್ಕಿತ್ತು. ಲಗೇಜ್ ಎತ್ತುತ್ತಿದ್ದ ರೂಮ್‌ಮೇಟ್ ಅದನ್ನೇ ನೋಡಿ, "ಅಂದ್ರೆ ಗಾಳಿ ಸ್ಕ್ಯಾಗ್ವೇ ಕಡೆಯಿಂದ ಬರ್ತಿದೆ. ನಾಳೆ ಬೆನ್ನಿಗೆ ಗಾಳಿ ಗುರು" ಅಂದ. ಓಟಗಾರರು ಇಂಥ ಶಕುನ ಬಹಳ ನಂಬ್ತಾರೆ.

ಎರಡು ವ್ಯಾನ್ ಬಾಡಿಗೆಗೆ ತೆಗೆದುಕೊಂಡೆವು. ಇಲ್ಲಿ ಒಂದು ಮಾತು: ಬಾಡಿಗೆ ಗಾಡಿಯನ್ನು ಅಮೆರಿಕದ ಒಳಗೆ ಒಯ್ಯಬಹುದಾ ಅಂತ ಮೊದಲೇ ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳಿ. ಒಂದು ಕಡೆ ನಮಗೆ ಫೋನಿನಲ್ಲಿ ಆಗುತ್ತೆ ಅಂದಿದ್ದರು, ಕೌಂಟರಿಗೆ ಹೋದಾಗ ಆಗಲ್ಲ ಅಂದರು. ಇನ್ನೊಂದು ಕಡೆ ಹುಡುಕುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು.

ಸಂಜೆ ಯುಕಾನ್ ನದಿ ದಡದಲ್ಲಿ ಸುಮ್ನೆ ನಡೆದೆವು. ನೀರು ಹಸಿರು, ಆದರೆ ಓಟ ನೋಡಿ, ಅಬ್ಬಾ. ಊರಿನ ಹೆಸರು ಬಂದದ್ದೇ ಈ ನದಿಯ ರಭಸದಿಂದ. ನೀರಿನ ನೊರೆ ಬಿಳಿ ಕುದುರೆಗಳ ಕೇಸರದ ಹಾಗೆ ಕಾಣುತ್ತಿತ್ತಂತೆ. 1958ರಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಆ ಕುದುರೆಗಳು ಮುಳುಗಿಹೋದವು, ಹೆಸರು ಮಾತ್ರ ಉಳಿಯಿತು. ರಾತ್ರಿ ಸಿಕ್ಕಾಪಟ್ಟೆ ಪಾಸ್ತಾ ತಿಂದು ಒಂಬತ್ತಕ್ಕೇ ಮಲಗಿದೆವು. ಹೊರಗೆ ಇನ್ನೂ ಬೆಳಕು ಉಳಿದಿತ್ತು.

ಶುಕ್ರವಾರ, ಹಗಲು

ಓಡಿ ಬರಬೇಕಾದ ರಸ್ತೆಯಲ್ಲೇ ಉಲ್ಟಾ ಡ್ರೈವ್ ಮಾಡಿಕೊಂಡು ಸ್ಕ್ಯಾಗ್ವೇಗೆ ಹೋಗಬೇಕು. ಎಲ್ಲರೂ ಕಿಟಕಿಗೆ ಅಂಟಿಕೊಂಡು ತಮ್ಮ ತಮ್ಮ ಪಾಳಿ ನೋಡಿಕೊಳ್ಳುತ್ತಿದ್ದರು. ನನ್ನ ಪಾಳಿ ಬರುವ ಹೊತ್ತಿಗೆ ಮಳೆ ಹಿಡಿದಿತ್ತು, ಗಾಜೆಲ್ಲ ಆವಿ. ಎಡಗಡೆ ಏನೋ ಬೂದು, ಬಲಗಡೆ ಏನೋ ಕಪ್ಪು. ಅಷ್ಟೇ ಕಂಡದ್ದು. "ನೋಡೋಕೆ ಏನೂ ಇಲ್ಲ ಬಿಡು" ಅಂದುಕೊಂಡೆ.

ಮಳೆಯಲ್ಲೂ ಕಂಡದ್ದು ಫ್ರೇಸರ್ ಹತ್ತಿರದ ಬಯಲು. ಅದಕ್ಕೆ ಟಾರ್ಮೆಂಟೆಡ್ ವ್ಯಾಲಿ ಅಂತ ಹೆಸರು. ಬರೀ ಬಂಡೆ, ಬಂಡೆ ನಡುವೆ ಸಣ್ಣ ಸಣ್ಣ ಹೊಂಡ, ಮೊಳಕಾಲೆತ್ತರದ ತಿರುಚಿಕೊಂಡ ಮರಗಳು. ನೆಲಕ್ಕೆ ಅಂಟಿದ ಕುಳ್ಳ ಗಿಡಗಳೆಲ್ಲ ಆಗಲೇ ಕೆಂಪಾಗಿದ್ದವು. ಕುಂಕುಮದ ಕೆಂಪಲ್ಲ, ಹುಣಸೆ ಹಣ್ಣು ಕಿವುಚಿದ ನೀರಿನ ಥರದ ಕಂದುಗೆಂಪು. ಅಲ್ಲಿಂದ ವೈಟ್ ಪಾಸ್ ಅನ್ನೋ ಘಟ್ಟದ ನೆತ್ತಿ, 1,003 ಮೀಟರ್, ಆಮೇಲೆ ಸಮುದ್ರದವರೆಗೆ ಒಂದೇ ಇಳಿಜಾರು. ನೆತ್ತಿಯ ಹತ್ತಿರ ರಸ್ತೆಯ ಅಂಚಿಗೆ ಸಾಲಾಗಿ ಎತ್ತರದ ಕಂಬಗಳು. ದೀಪವಿಲ್ಲ, ತಂತಿಯಿಲ್ಲ. ಇವು ಯಾಕಪ್ಪಾ ಅಂತ ನಾವೆಲ್ಲ ಒಂದೊಂದು ಊಹೆ ಹೇಳಿದೆವು, ಎಲ್ಲವೂ ತಪ್ಪು ಅಂತ ಆಮೇಲೆ ಗೊತ್ತಾಯಿತು.

ಇಳಿಯುವಾಗ ಕಣಿವೆಯ ಆಚೆ ಬದಿಯಲ್ಲಿ ರೈಲು ಹಳಿ ಕಾಣುತ್ತದೆ, ಬೆಟ್ಟಕ್ಕೆ ಉಗುರಿನಿಂದ ಗೀರಿದ ಹಾಗೆ. 1898ರಲ್ಲಿ ಶುರು ಮಾಡಿ 1900ರಲ್ಲಿ ಮುಗಿಸಿದ ನ್ಯಾರೋ ಗೇಜ್ ರೈಲು. ರೈಲು ಬರುವ ಮೊದಲು ಜನ ಇದೇ ಕಣಿವೆಯಲ್ಲಿ ಕುದುರೆ ಹೊಡೆದುಕೊಂಡು ಹತ್ತಿದರು. ಒಂದು ವರ್ಷಕ್ಕೆ ಬೇಕಾಗುವಷ್ಟು ದಿನಸಿ, ಸಾಮಾನು ಇಲ್ಲದೆ ಕೆನಡಾ ಪೊಲೀಸರು ಗಡಿಯೊಳಗೆ ಬಿಡುತ್ತಿರಲಿಲ್ಲ. ಹತ್ತಿರ ಹತ್ತಿರ ಒಂದು ಟನ್. ಅಷ್ಟೂ ಹೊತ್ತ ಕುದುರೆಗಳು ಸಾವಿರಗಟ್ಟಲೆ ಸತ್ತವು, ಸುಮಾರು ಮೂರು ಸಾವಿರ ಅಂತಾರೆ. ಆ ಜಾಗಕ್ಕೆ ಈಗಲೂ ಡೆಡ್ ಹಾರ್ಸ್ ಗಲ್ಚ್ ಅಂತಲೇ ಹೆಸರು. ನಮ್ಮ ವ್ಯಾನಿನಲ್ಲಿ ಹತ್ತು ಜನಕ್ಕೆ ಎರಡು ದಿನದ ತಿಂಡಿ ಎಷ್ಟು ಜಾಗ ಹಿಡಿದಿತ್ತು ಅಂದರೆ, ಆ ಪೊಲೀಸರು ನಮ್ಮನ್ನು ಖಂಡಿತ ಬಿಡುತ್ತಿದ್ದರು.

ಸ್ಕ್ಯಾಗ್ವೇ ಮುಟ್ಟಿದಾಗ ತಡವಾಯಿತು ಅಂತ ಎಲ್ಲರಿಗೂ ಗಾಬರಿ. ನೋಡಿದರೆ ಅಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ. ಅಲಾಸ್ಕಾ ಸಮಯ ಬೇರೆ, ಯುಕಾನ್ ಸಮಯ ಬೇರೆ ಅಂತ ಓದಿದ್ದೆವು, ಮರೆತಿದ್ದೆವು. ಪುಕ್ಕಟೆ ಒಂದು ಗಂಟೆ ಸಿಕ್ಕಿತಲ್ಲ ಅಂತ ಖುಷಿಪಟ್ಟೆವು. ಆ ಗಂಟೆಯನ್ನು ರಾತ್ರಿ ನನ್ನಿಂದಲೇ ವಸೂಲಿ ಮಾಡುತ್ತಾರೆ ಅಂತ ಆಗ ಗೊತ್ತಿರಲಿಲ್ಲ.

ಊರು ಪುಟ್ಟದು. ಬಂದರಿನಲ್ಲಿ ಒಂದು ಕ್ರೂಸ್ ಹಡಗು ನಿಂತರೆ ಊರಿಗಿಂತ ಹಡಗೇ ದೊಡ್ಡದಾಗಿ ಕಾಣುತ್ತದೆ. ರೂಮುಗಳು ಬೆರಳೆಣಿಕೆಯಷ್ಟು, ಅದಕ್ಕೇ ನಾವು ಅಲ್ಲಿ ಉಳಿಯುವ ಗೋಜಿಗೆ ಹೋಗಲಿಲ್ಲ. ಬ್ರಾಡ್‌ವೇ ಬೀದಿಯಲ್ಲಿ ಒಂದು ಕಟ್ಟಡದ ಮುಂಭಾಗಕ್ಕೆಲ್ಲ ತೇಲಿಬಂದ ಕಟ್ಟಿಗೆ ಚೂರುಗಳನ್ನು ಮೊಳೆ ಹೊಡೆದು ಕೂರಿಸಿದ್ದಾರೆ, ಎಂಟು ಸಾವಿರಕ್ಕೂ ಜಾಸ್ತಿ ಚೂರು. ಒಬ್ಬ ಪ್ರವಾಸಿ ಎಣಿಸಲು ಶುರು ಮಾಡಿದ್ದ. ಅವನ ಹೆಂಡತಿ ದೂರ ನಿಂತು ಕೈ ಕಟ್ಟಿಕೊಂಡಿದ್ದಳು.

ಹಾಗೇ ಮುಂದೆ ಹೋದರೆ ಪುಲ್ಲೆನ್ ಹಳ್ಳ. ಅದರಲ್ಲಿ ಗುಲಾಬಿ ಸಾಲ್ಮನ್ ಮೀನುಗಳು ಮೊಟ್ಟೆ ಇಡಲು ಸಮುದ್ರದಿಂದ ಮೇಲೆ ಬಂದಿದ್ದವು. ಅಂಗೈ ಮುಳುಗುವಷ್ಟೇ ನೀರು, ಬೆನ್ನು ನೀರಿಂದ ಹೊರಗೆ. ಒಂದು ಮೀನು ಒಂದೇ ಕಲ್ಲಿನ ಹತ್ತಿರ ಮುಂದೆ ಹೋಗುತ್ತದೆ, ನೀರು ಹಿಂದಕ್ಕೆ ತಳ್ಳುತ್ತದೆ, ಮತ್ತೆ ಹೋಗುತ್ತದೆ. ಮೈಮೇಲಿನ ಚರ್ಮ ಅಲ್ಲಲ್ಲಿ ಸುಲಿದು ಬಿಳಿಯಾಗಿತ್ತು. ಸತ್ತ ಮೀನುಗಳು ಅಂಚಿನಲ್ಲಿ ಬಿದ್ದಿದ್ದವು, ವಾಸನೆಗೆ ಮೂಗು ಬಿಡೋ ಹಾಗಿರಲಿಲ್ಲ. ರೇಲಿಂಗಿಗೆ ಒರಗಿ ನಿಂತಿದ್ದ ಊರಿನ ಹುಡುಗನೊಬ್ಬ ನಮ್ಮ ಎದೆಯ ನಂಬರ್ ನೋಡಿ, "ನೀವೂ ಇವತ್ತು ಮೇಲಕ್ಕಾ?" ಅಂದ. ಹೌದು ಅಂದೆವು. ಮೀನು ನೋಡಿದ, ನಮ್ಮನ್ನು ನೋಡಿದ, ಏನೂ ಹೇಳಲಿಲ್ಲ.

ಶುಕ್ರವಾರ, ರಾತ್ರಿ

ಇಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ನಿಧಾನದ ತಂಡಗಳು ಮೊದಲು, ಜೋರು ತಂಡಗಳು ಆಮೇಲೆ. ನಾವು ಯಾವ ಗುಂಪು ಅಂತ ಹೇಳಬೇಕಾಗಿಲ್ಲ ಅಲ್ವಾ. ಸಂಜೆ ಏಳಕ್ಕೆ ನಮ್ಮ ಮೊದಲ ಓಟಗಾರ್ತಿ ಮಳೆಯಲ್ಲೇ ಹೊರಟಳು.

ರಿಲೇ ಅಂದರೆ ಓಡುವುದು ಅಂದುಕೊಂಡಿದ್ದೆ. ಅಲ್ಲ, ಕಾಯುವುದು. ಒಬ್ಬರು ಓಡುತ್ತಾರೆ, ಒಂಬತ್ತು ಜನ ಒದ್ದೆ ಸಾಕ್ಸಿನ ವಾಸನೆಯಲ್ಲಿ ಕೂತಿರುತ್ತಾರೆ. ವ್ಯಾನ್ ಮುಂದೆ ಹೋಗಿ ಬದಿಗೆ ನಿಲ್ಲುತ್ತದೆ, ಕಿಟಕಿ ಇಳಿಸಿ ಕೂಗುತ್ತೇವೆ, ನೀರು ಕೊಡುತ್ತೇವೆ, ಮತ್ತೆ ಮುಂದೆ. ಹಿಂದೆ ನೋಡಿದರೆ ಕತ್ತಲ ಬೆಟ್ಟದ ಮೈಮೇಲೆ ಹೆಡ್‌ಲ್ಯಾಂಪುಗಳ ಸಾಲು, ಜಾತ್ರೆ ಮುಗಿಸಿ ಬೆಟ್ಟ ಹತ್ತುತ್ತಿರುವವರ ಥರ. ಒಂದೊಂದು ದೀಪವೂ ಸ್ವಲ್ಪ ಸ್ವಲ್ಪ ಕುಣಿಯುತ್ತಿತ್ತು. ಯಾರ ದೀಪ ನಡೆಯುತ್ತಿದೆ, ಯಾರದ್ದು ಓಡುತ್ತಿದೆ ಅಂತ ಕುಣಿತದಲ್ಲೇ ಗೊತ್ತಾಗುತ್ತದೆ.

ನಾನು ಆಸೆಪಟ್ಟ ಬೆಟ್ಟದ ಪಾಳಿ ಓಡಿದ್ದು ನನ್ನ ರೂಮ್‌ಮೇಟ್. ನೆತ್ತಿಯ ಹತ್ತಿರ ಮಳೆಗೆ ಹಿಮ ಸೇರಿಕೊಂಡಿತು, ಗಾಳಿ ಅಡ್ಡಕ್ಕೆ ಹೊಡೆಯುತ್ತಿತ್ತು. ನಿನ್ನೆ ವಿಮಾನದ ಮೂತಿ ನೋಡಿ ಹೇಳಿದ ಶಕುನ ಎಲ್ಲಿಗೆ ಹೋಯಿತೋ. ಅವನು ಬಂದು ವ್ಯಾನಿಗೆ ಹತ್ತಿದಾಗ ಹಲ್ಲು ಕಟಕಟ. ಜಿಪ್ ತೆಗೆಯಲು ಬೆರಳು ಮಡಚುತ್ತಿರಲಿಲ್ಲ, ನಾನೇ ಬಿಚ್ಚಿದೆ. "ಹೆಂಗಿತ್ತು?" ಅಂದೆ. "ಏನ್ ಕಂಡಿತ್ತು ಮಾರಾಯ, ನನ್ನ ಉಸಿರು ಬಿಟ್ರೆ ಏನೂ ಕಾಣ್ಲಿಲ್ಲ" ಅಂದ. ನನ್ನ ಹೊಟ್ಟೆಯುರಿ ಅಲ್ಲಿಗೆ ಅರ್ಧ ಇಳಿಯಿತು. ಇದಕ್ಕೆ ಹೋಗುವವರು ಒಂದು ಕೆಲಸ ಮಾಡಿ: ಒಂದೊಂದು ಜೊತೆ ಒಣ ಬಟ್ಟೆ, ಸಾಕ್ಸು, ಕೈಗವಸು ಒಂದೊಂದು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಮೇಲೆ ಹೆಸರು ಬರೆದಿಡಿ. ಕತ್ತಲ ವ್ಯಾನಿನಲ್ಲಿ ಹತ್ತು ಜನರ ಕಪ್ಪು ಪ್ಯಾಂಟುಗಳಲ್ಲಿ ನಿಮ್ಮದು ಸಿಗುವುದಿಲ್ಲ.

ಫ್ರೇಸರ್ ಹತ್ತಿರ ಕೆನಡಾದ ಗಡಿ ಠಾಣೆ. ಅದಕ್ಕಿಂತ ಸ್ವಲ್ಪ ಮೊದಲು ಎಲ್ಲರೂ ಪಾಸ್‌ಪೋರ್ಟ್ ತೆಗೆಯಿರಿ ಅಂತ ಅಕ್ಕ ಅಂದರು. ಒಬ್ಬನದು ಇಲ್ಲ. ಮಧ್ಯಾಹ್ನ ಅಮೆರಿಕದ ಕಡೆ ತೋರಿಸಿದ್ದಾನೆ, ಅಂದರೆ ವ್ಯಾನಿನಲ್ಲೇ ಇರಬೇಕು. ಗಾಡಿ ಬದಿಗೆ ಹಾಕಿ ಹುಡುಕಿದೆವು. ವ್ಯಾನಿನ ದೀಪ ಸಾಲದು ಅಂತ ನನ್ನ ಹೆಡ್‌ಲ್ಯಾಂಪ್ ಫುಲ್ ಇಟ್ಟು ಸೀಟಿನ ಕೆಳಗೆ, ಬ್ಯಾಗಿನ ಒಳಗೆ, ಶೂ ಒಳಗೆ. ನಲವತ್ತು ನಿಮಿಷ. ಕೊನೆಗೆ ಸಿಕ್ಕಿದ್ದು ಚಿಪ್ಸ್ ಪ್ಯಾಕೆಟ್ಟಿನಲ್ಲಿ. ಕಳೆದುಹೋಗಬಾರದು ಅಂತ ಅವನೇ ಯಾವುದೋ ಕವರಿಗೆ ಹಾಕಿದ್ದನಂತೆ, ಕವರು ಯಾವುದು ಅಂತ ನೋಡಿರಲಿಲ್ಲ. ಗಡಿಯ ಅಧಿಕಾರಿ ಆ ಪಾಸ್‌ಪೋರ್ಟ್ ಕೈಗೆ ತಗೊಂಡು, ಬೆರಳುಗಳನ್ನು ಒಂದಕ್ಕೊಂದು ಉಜ್ಜಿ, ಉಪ್ಪು ಉದುರಿಸಿ, "ಸಾಲ್ಟ್ ಅಂಡ್ ವಿನೆಗರ್?" ಅಂದ. ಅಷ್ಟೇ ಅವನು ಕೇಳಿದ್ದು. ಎರಡನೇ ವ್ಯಾನ್ ಮೊದಲೇ ಮುಂದೆ ಹೋಗಿತ್ತು, ಇಲ್ಲದಿದ್ದರೆ ಓಡಿ ಬಂದವನು ಬದಲಿ ಜಾಗದಲ್ಲಿ ಚಳಿಗೆ ಸೆಟೆದು ಹೋಗುತ್ತಿದ್ದ. ನಮ್ಮಂಥ ಭಾರತದ ಪಾಸ್‌ಪೋರ್ಟಿನವರಿಗೆ ಹೇಳುವುದಾದರೆ, ಅಮೆರಿಕದ ವೀಸಾ ಜೊತೆಗೆ ಕೆನಡಾಕ್ಕೆ ವಾಪಸ್ ಬರುವ ಕಾಗದವೂ ಕೈಯಲ್ಲಿರಲಿ. ಒಂದೇ ರಾತ್ರಿಯ ವಿಷಯ ಅಂತ ಅಸಡ್ಡೆ ಬೇಡ.

ಲಾಗ್ ಕ್ಯಾಬಿನ್ ಅನ್ನೋ ಜಾಗ ದಾಟಿದ ಮೇಲೆ ಮಳೆ ನಿಂತಿತು. ಕಡಿಮೆಯಾಗುತ್ತಾ ನಿಂತದ್ದಲ್ಲ, ಬಾಗಿಲು ಹಾಕಿದ ಹಾಗೆ ನಿಂತಿತು. ಸಮುದ್ರದ ಮೋಡ ತನ್ನ ನೀರನ್ನೆಲ್ಲ ಬೆಟ್ಟದ ಆಚೆ ಬದಿಗೇ ಸುರಿದುಬಿಡುತ್ತದೆ, ಈಚೆಗೆ ಬರೀ ಗಾಳಿ. ನಮ್ಮ ಘಟ್ಟದ ಲೆಕ್ಕವೇ. ನಾನು ಟೋಪಿ ಮೂಗಿನವರೆಗೆ ಎಳೆದುಕೊಂಡು ಮಲಗಿದೆ. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ, ಮುಂದಿನ ಊರು ಕಾರ್‌ಕ್ರಾಸ್‌ವರೆಗೂ ಅದನ್ನು ನಂಬಿಕೊಳ್ಳೋ ಹಾಗಿಲ್ಲ.

ಈ ನಿದ್ದೆಯಲ್ಲೇ ನಾರ್ದರ್ನ್ ಲೈಟ್ಸ್ ಬಂದು ಹೋಯಿತು. ಹಸಿರು ಪರದೆ ಆಕಾಶದ ತುಂಬ ಹತ್ತು ನಿಮಿಷ ಅಲ್ಲಾಡಿತಂತೆ. ಎಂಟು ಜನ ನೋಡಿದ್ದಾರೆ, ಎಂಟು ಜನರೂ ಫೋಟೋ ತೋರಿಸಿದ್ದಾರೆ, ಎಂಟು ಸಲ ತೋರಿಸಿದ್ದಾರೆ. ಯಾಕೆ ಎಬ್ಬಿಸಲಿಲ್ಲ ಅಂದರೆ "ನಿಂಗೆ ಓಡೋದಿತ್ತಲ್ಲ, ಪಾಪ" ಅಂತಾರೆ.

ಶನಿವಾರ

"ಏಳೋ, ಇಪ್ಪತ್ತು ನಿಮಿಷ ಇದೆ." ಅಕ್ಕನ ದನಿ. ಫೋನ್ ನೋಡಿದರೆ 4:30. ನನ್ನ ಪಾಳಿ ಆರರ ಸುಮಾರಿಗೆ ಅಂತ ಚೀಟಿಯಲ್ಲಿತ್ತು. ಇನ್ನೂ ಟೈಮ್ ಇದೆ ಅಕ್ಕ ಅಂದೆ. ಇಲ್ಲ, 5:30 ಆಗಿದೆ, ಅವನು ಬೇಗ ಬರ್ತಿದ್ದಾನೆ ಅಂದರು. ಸಿಗ್ನಲ್ ಇಲ್ಲದ ಫೋನು ಇನ್ನೂ ಅಲಾಸ್ಕಾದಲ್ಲೇ ಇತ್ತು! ಪುಕ್ಕಟೆ ಸಿಕ್ಕ ಗಂಟೆ ಹೀಗೆ ಹೋಯಿತು. ಬಾಳೆಹಣ್ಣು ಬಾಯಿಗೆ ತುರುಕಿಕೊಂಡು, ರಿಫ್ಲೆಕ್ಟರ್ ಜಾಕೆಟ್ ತಲೆಕೆಳಗಾಗಿ ಹಾಕಿಕೊಂಡು, ಸರಿ ಮಾಡಿಕೊಂಡು, ಕೆಳಗಿಳಿದೆ. ಓಡಿ ಬಂದವನು ಕೈ ತಟ್ಟಿದ. ಹೊರಟೆ.

ವಿಂಡಿ ಆರ್ಮ್ ಅಂತ ಆ ಜಾಗದ ಹೆಸರು. ಟ್ಯಾಗಿಶ್ ಸರೋವರ ಬೆಟ್ಟಗಳ ನಡುವೆ ಚಾಚಿದ ಒಂದು ತೋಳು. ಹೆಸರಿನಲ್ಲೇ ಗಾಳಿ ಇದೆ, ಹಾಗಾಗಿ ದೂರುವಂತಿಲ್ಲ. ಗಾಳಿ ಬೆನ್ನಿಗಿತ್ತು, ಕೊನೆಗೂ ವಿಮಾನದ ಮೂತಿ ನಿಜವಾಯಿತು. ಬೆವರು ಬರುವ ಮೊದಲೇ ಆರಿಹೋಗುತ್ತಿತ್ತು. ಇಪ್ಪತ್ತು ನಿಮಿಷ ಚೆನ್ನಾಗಿಯೇ ಓಡಿದೆ. ಆಮೇಲೆ ಹೆಡ್‌ಲ್ಯಾಂಪ್ ಮೂರು ಸಲ ಮಿಟುಕಿಸಿತು. ಸೀಟಿನ ಕೆಳಗೆ ನಲವತ್ತು ನಿಮಿಷ ಉರಿಸಿದ್ದು ಆಗ ನೆನಪಾಯಿತು. ಆರಿತು.

ಅಂಥ ಕತ್ತಲು ನಾನು ನೋಡಿಲ್ಲ. ಎಡಕ್ಕೆ ಬಂಡೆ ಇದೆ ಅಂತ ನನ್ನದೇ ಹೆಜ್ಜೆ ಸದ್ದು ವಾಪಸ್ ಬರುವುದರಿಂದ ಗೊತ್ತಾಗುತ್ತಿತ್ತು. ಬಲಕ್ಕೆ ಎಲ್ಲೋ ಕೆಳಗೆ ನೀರು ಕಲ್ಲಿಗೆ ಬಡಿಯುತ್ತಿತ್ತು. ಎಷ್ಟು ಕೆಳಗೆ? ಗೊತ್ತಿಲ್ಲ. ಕರಡಿಗಳಿರುವ ಜಾಗ, ಕರಿಯವೂ ಇವೆ, ಗ್ರಿಜ್ಲಿಯೂ ಇವೆ. ಗಾಳಿಗೆ ಪೊದೆ ಅಲ್ಲಾಡಿದರೂ ಎದೆ ಧಸಕ್ಕೆನ್ನುತ್ತಿತ್ತು. ವ್ಯಾನ್ ಮುಂದೆ ಹೋಗಿಯಾಗಿತ್ತು. ದೀಪವಿಲ್ಲದೆ ಓಡುವುದು ಸರಿಯಲ್ಲ, ಗಾಡಿಗಳಿಗೂ ನಾನು ಕಾಣಬೇಕಲ್ಲ. ನಿಂತೆ.

ಹಿಂದಿನಿಂದ ಒಂದು ದೀಪ ಬಂತು. ಕುಣಿತ ಕಡಿಮೆ, ಸಣ್ಣ ಹೆಜ್ಜೆ.

"ಸತ್ತಿತಾ ಬ್ಯಾಟರಿ?" ಹೆಂಗಸಿನ ದನಿ, ವಯಸ್ಸಾದದ್ದು, ಒರಟು. ಹೌದು ಅಂದೆ. "ಬಾ, ನನ್ನ ಪಕ್ಕ ಬಾ. ಮಾತಾಡಬೇಕು ಅಂತೇನಿಲ್ಲ."

ಆದರೆ ಮಾತಾಡಿದೆವು, ಮುಕ್ಕಾಲು ಗಂಟೆ. ವೈಟ್‌ಹಾರ್ಸ್‌ನವರು. ಚಳಿಗಾಲದಲ್ಲಿ ಇದೇ ರಸ್ತೆಯ ಹಿಮ ತೆಗೆಯುವ ಲಾರಿ ಓಡಿಸುತ್ತಿದ್ದರಂತೆ, ಈಗ ಬಿಟ್ಟಿದ್ದಾರೆ. ನೆತ್ತಿಯ ಮೇಲಿನ ಕಂಬಗಳು ಯಾಕೆ ಅಂತ ಕೇಳಿದೆ. ನಕ್ಕರು. "ನಂಗೋಸ್ಕರ. ಬಿರುಗಾಳಿಯಲ್ಲಿ ಬಾನೆಟ್ ಕೂಡ ಕಾಣಲ್ಲ. ಕಂಬ ಕಂಡರೆ ರಸ್ತೆ ಇದೆ. ಕಾಣದಿದ್ದರೆ ನಿಲ್ಲಿಸಿ ಮುಂದಿನದು ಕಾಣೋವರೆಗೆ ಕಾಯೋದು." ಎಷ್ಟು ಹೊತ್ತು ಕಾಯ್ತಿದ್ರಿ ಅಂದೆ. "ಥರ್ಮಾಸಿನಲ್ಲಿ ಎಷ್ಟು ಕಾಫಿ ಇದೆಯೋ ಅಷ್ಟು ಹೊತ್ತು."

ತಿರುವು ಬರುವ ಮೊದಲೇ ಹೇಳುತ್ತಿದ್ದರು. ಇಲ್ಲಿ ಎಡಕ್ಕೆ ತಿರುಗುತ್ತೆ. ಇಲ್ಲಿ ಮೇಲಿಂದ ಕಲ್ಲು ಬೀಳುತ್ತೆ, ನೋಡ್ಕೊಂಡು ಬಾ. ಇಲ್ಲಿ ಹಳೇ ಬೆಳ್ಳಿ ಗಣಿಯ ಕಟ್ಟಡ ಇದೆ, ಮುರಿದುಬಿದ್ದದ್ದು. ನನಗೆ ಕಾಣುತ್ತಿದ್ದದ್ದು ಅವರ ದೀಪದ ಹಳದಿ ಉಂಡೆ, ಅದರೊಳಗೆ ಬಿಳಿ ಗೆರೆ, ಮತ್ತೆ ಅವರ ನೀಲಿ ಶೂ. ಬಲಗಾಲಿನ ಲೇಸ್ ಕಿತ್ತುಹೋಗಿ ಯಾವುದೋ ಹಸಿರು ದಾರ ಕಟ್ಟಿಕೊಂಡಿದ್ದರು. ಮುಖ ನೋಡಲು ತಿರುಗಿದರೆ ದೀಪ ಕಣ್ಣಿಗೇ ಹೊಡೆಯುತ್ತಿತ್ತು.

"ಈಗ ಬಲಕ್ಕೆ ನೋಡು" ಅಂದರು ಒಂದು ಕಡೆ.

ನೋಡಿದೆ. ಏನೂ ಕಾಣ್ತಿಲ್ಲ ಅಂದೆ.

"ಗೊತ್ತು. ಒಂದು ದ್ವೀಪ ಇದೆ. ಹಗಲು ಬಂದು ನೋಡು."

ಆಕಾಶ ಬೂದು ಬಣ್ಣಕ್ಕೆ ತಿರುಗುತ್ತಿದ್ದ ಹಾಗೆ, "ಇನ್ನು ನಿಂಗೆ ದಾರಿ ಕಾಣುತ್ತೆ" ಅಂದವರೇ ಹೊರಟುಹೋದರು. ಇಷ್ಟು ಹೊತ್ತು ನನಗೋಸ್ಕರ ನಿಧಾನ ಮಾಡಿದ್ದರು ಅಂತ ಆಗ ಅರ್ಥವಾಯಿತು. ಎರಡು ನಿಮಿಷದಲ್ಲಿ ತಿರುವಿನ ಆಚೆ ಮಾಯ. ಹೆಸರು ಕೇಳಲಿಲ್ಲ, ತಂಡ ಕೇಳಲಿಲ್ಲ.

ಏಳು ದಾಟಿದ ಮೇಲೆ ನಾನು ಮುಂದಿನವಳ ಕೈ ತಟ್ಟಿದೆ, ಆಮೇಲೆ ರಸ್ತೆ ಬದಿಯ ಜಲ್ಲಿಯ ಮೇಲೆ ಹಾಗೇ ಕೂತೆ. ಕಾರ್‌ಕ್ರಾಸ್‌ನಲ್ಲಿ ಬಿಸಿ ಕಾಫಿ. ಹಿಂದೆ ಈ ಊರಿನ ಹೆಸರು ಕ್ಯಾರಿಬೂ ಕ್ರಾಸಿಂಗ್, ಕ್ಯಾರಿಬೂ ಜಿಂಕೆಗಳು ಹಿಂಡು ಹಿಂಡಾಗಿ ದಾಟುತ್ತಿದ್ದ ಜಾಗ. ಕ್ಲಾಂಡೈಕ್ ಚಿನ್ನ ಮೊದಲು ಕಂಡವರಲ್ಲಿ ಒಬ್ಬನಾದ ಸ್ಕೂಕಮ್ ಜಿಮ್ ಮಲಗಿರುವುದೂ ಇಲ್ಲೇ. ಊರ ಹೊರಗೆ ಮರಳುಗಾಡಿದೆ, ನಿಜವಾಗಿಯೂ, ಪೈನ್ ಮರಗಳ ನಡುವೆ ಮರಳಿನ ದಿಬ್ಬಗಳು. ಹಿಂದೆ ಹಿಮನದಿ ಕರಗಿ ಆದ ಸರೋವರದ ತಳವಂತೆ. ನಮ್ಮ ತಂಡದ ಹುಡುಗಿ ಅದರ ಪಕ್ಕದಲ್ಲೇ ಓಡಿದಳು, ಕಿವಿಯ ಮೇಲೆ ಉಣ್ಣೆ ಟೋಪಿ ಹಾಕಿಕೊಂಡು. ಆಮೇಲೆ ಎಮರಾಲ್ಡ್ ಲೇಕ್. ಸರೋವರದ ತಳದಲ್ಲಿ ಸುಣ್ಣದಂಥ ಬಿಳಿ ಮಣ್ಣಿರುವುದರಿಂದ ಬೆಳಕು ಬಿದ್ದಾಗ ನೀರು ಹಸಿರು ನೀಲಿ ಹೊಳೆಯುತ್ತದೆ. ಫೋಟೋದಲ್ಲಿ ನೋಡಿದಾಗ ಯಾರೋ ಬಣ್ಣ ಜಾಸ್ತಿ ಮಾಡಿದ್ದಾರೆ ಅಂದುಕೊಂಡಿದ್ದೆ. ಮಾಡಿರಲಿಲ್ಲ.

ಮುಂದಿನದ್ದು ಅರೆನಿದ್ದೆ. ಹಳದಿ ಎಲೆ, ಹಳದಿ ಎಲೆ, ಮತ್ತೆ ಹಳದಿ ಎಲೆ. ಅಲಾಸ್ಕಾ ಹೈವೇ ಸೇರಿದ ಮೇಲೆ ಲಾರಿಗಳು ಜಾಸ್ತಿ, ಹುಷಾರಾಗಿರಬೇಕು. ಕೊನೆಯ ಪಾಳಿ ಅಕ್ಕನದ್ದು. ಮಧ್ಯಾಹ್ನ ಎರಡೂವರೆಗೆ, ನದಿ ದಡದ ಕೊನೇ ಇನ್ನೂರು ಮೀಟರು ಉಳಿದ ಒಂಬತ್ತೂ ಜನ ಕುಂಟುತ್ತಾ ಅವರ ಜೊತೆ ಓಡಿದೆವು. ಏಳು ಜನ ಒಟ್ಟಿಗೆ "ಅಕ್ಕಾ! ಅಕ್ಕಾ!" ಅಂತ ಕೂಗಿದ್ದು ಕೇಳಿ ಪಕ್ಕದ ತಂಡದವರೂ ಏನು ಎತ್ತ ಅಂತ ಗೊತ್ತಿಲ್ಲದೆ ಸೇರಿಕೊಂಡರು. ಅಕ್ಕ ಗೆರೆ ದಾಟಿ, ಬಗ್ಗಿ ಮಂಡಿ ಹಿಡಿದು, ಮೊದಲು ಕೇಳಿದ್ದು, "ಎಲ್ಲರ ಪಾಸ್‌ಪೋರ್ಟ್ ಇದೆಯಾ?"

ಊಟದ ಹೊತ್ತಿನಲ್ಲಿ ನಾನು ಆ ದನಿ ಹುಡುಕಿದೆ. ಮುಖ ಗೊತ್ತಿಲ್ಲವಲ್ಲ, ಸಾಲಿನಲ್ಲಿ ನಿಂತವರ ಹಿಂದೆ ಹೋಗಿ ಮಾತು ಕೇಳಿಸಿಕೊಂಡೆ, ಶೂಗಳನ್ನು ನೋಡಿದೆ. ಯಾರದ್ದೋ ಶೂ ನೋಡಿಕೊಂಡು ನಿಂತವನನ್ನು ಜನ ವಿಚಿತ್ರವಾಗಿ ನೋಡಿದರು. ಹಸಿರು ದಾರ ಎಲ್ಲೂ ಇರಲಿಲ್ಲ.

ಭಾನುವಾರ

ಸಂಜೆ ವಿಮಾನ. ಎಲ್ಲರೂ ಬಿಸಿನೀರ ಬುಗ್ಗೆಗೆ ಹೋಗೋಣ ಅಂದರು. ನಾನು ಸಣ್ಣ ವ್ಯಾನಿನ ಕೀ ಕೇಳಿದೆ. ರೂಮ್‌ಮೇಟ್ ಗೊಣಗಿಕೊಂಡೇ ಬಂದ, ನನ್ನ ಎಡಗಾಲು ಪೆಡಲ್ ಮೇಲೆ ಇಡೋ ಸ್ಥಿತಿಯಲ್ಲಿಲ್ಲ ಅಂದುಕೊಂಡು. ಅದು ಆಟೋಮ್ಯಾಟಿಕ್ ಗಾಡಿ, ಎಡಗಾಲಿಗೆ ಕೆಲಸವೇ ಇಲ್ಲ ಅಂತ ಅವನಿಗೆ ಹೊಳೆದದ್ದು ಅರ್ಧ ದಾರಿಯಲ್ಲಿ. ಕಾರ್‌ಕ್ರಾಸ್‌ನಲ್ಲಿ ಪೆಟ್ರೋಲ್ ಹಾಕಿಸಿದೆವು, ಅದು ಬಿಟ್ಟರೆ ಮುಂದೆ ಸ್ಕ್ಯಾಗ್ವೇವರೆಗೆ ನಂಬುವ ಹಾಗಿಲ್ಲ.

ಆಕಾಶ ತೊಳೆದಿಟ್ಟ ಹಾಗಿತ್ತು. ವಿಂಡಿ ಆರ್ಮ್ ಒಂದು ತಿರುವಿನಲ್ಲಿ ಇದ್ದಕ್ಕಿದ್ದ ಹಾಗೆ ತೆರೆದುಕೊಂಡಿತು. ನಾವಿಬ್ಬರೂ ಮಾತು ನಿಲ್ಲಿಸಿದೆವು. ರಸ್ತೆ ಬಂಡೆಯ ಮೈ ಕಡಿದು ಮಾಡಿದ್ದು, ಕೆಳಗೆ ನೇರ ನೀರು, ಆಚೆ ದಡದ ಬೆಟ್ಟಗಳ ತಲೆಗೆ ಹೊಸ ಹಿಮ, ಪಾದದಲ್ಲಿ ಹಳದಿ ಮರ. ನಡುವೆ ದ್ವೀಪ. ಬೋವ್ ದ್ವೀಪ. ಮಲಗಿದ ಎಮ್ಮೆಯ ಬೆನ್ನಿನಷ್ಟೇ ಸರಳವಾಗಿ ನೀರಿನಲ್ಲಿ ಕೂತಿತ್ತು. ಶುಕ್ರವಾರ ಇದೇ ಜಾಗದಲ್ಲಿ ಆವಿ ಹಿಡಿದ ಗಾಜಿನೊಳಗೆ ಕೂತು ನೋಡೋಕೆ ಏನೂ ಇಲ್ಲ ಅಂದಿದ್ದೆ.

ದೀಪ ಆರಿದ ಜಾಗ ಹುಡುಕೋಣ ಅಂತ ಇನ್ನೂ ಮುಂದೆ ಹೋದೆವು. "ಇದಾ?" ಅಂತಾನೆ ಅವನು. ಅಲ್ಲ ಅನ್ನಿಸುತ್ತೆ. "ಇದಾ?" ಇರಬಹುದು. ಕಣ್ಣಿಗೆ ಯಾವುದೂ ಗುರುತು ಸಿಗುತ್ತಿರಲಿಲ್ಲ. ಗಣಿಯ ಮುರುಕು ಕಟ್ಟಡ ಸಿಕ್ಕಿತು, ಮರದ ತೊಲೆಗಳು ಇಳಿಜಾರಿಗೆ ಅಂಟಿಕೊಂಡು ಯಾವಾಗ ಬೀಳೋಣ ಅಂತ ಯೋಚಿಸುತ್ತಿದ್ದ ಹಾಗೆ. ಹಾಗಾದರೆ ಇದರ ಹಿಂದೆಯೇ ಇರಬೇಕು. ಗಾಡಿ ಬದಿಗೆ ಹಾಕಿಸಿ ಇಳಿದು ನಡೆದೆ. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಕಣ್ಣು ಮುಚ್ಚಿದೆ. ಎಡಕ್ಕೆ ನನ್ನ ಹೆಜ್ಜೆ ಸದ್ದು ಬಂಡೆಗೆ ಬಡಿದು ವಾಪಸ್ ಬಂತು. ಬಲಕ್ಕೆ, ಕೆಳಗೆ, ನೀರು ಕಲ್ಲಿನ ಸಂದಿಗೆ ನುಗ್ಗಿ ಗಳಕ್ ಅಂತ ಹಿಂದೆ ಸರಿಯುವ ಸದ್ದು.

"ಇಲ್ಲೇ ಕಣೋ" ಅಂದೆ.

"ಕಣ್ಣು ಬಿಡೋ ಮಾರಾಯ" ಅಂತ ಅವನು ವ್ಯಾನಿನಿಂದ ಕೂಗಿದ, "ಲಾರಿ ಬರ್ತಿದೆ, ಈಚೆ ಬಾ."